ಓದುಗರ ಸ್ಪಂದನ: ಬಿ.ಪಿ. ಭಯಕ್ಕೆ ಹಾಸಿಗೆ ಹಿಡಿಯಬೇಕೇ?

ಸಮಸ್ಯೆ: ಎರಡನೇ ಬಸಿರು, ಈಗ 14 ವಾರ. ಮೊದಲ ಸಲ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ತಿಂಗಳು ತುಂಬುವ ಮೊದಲೇ ಸಿಸೇರಿಯನ್ ಆಯಿತು. ಡಾಕ್ಟರ್ ‘ನಡೀರಿ’ ಅಂದರು. ಅತ್ತೆ ‘ಮೆಟ್ಟಿಲೂ ಹತ್ತಬೇಡ, ಉಪ್ಪೂ ಬಿಡು’ ಅನ್ನುತ್ತಾರೆ. ಏನು ಮಾಡಲಿ?

ತಂಗಿ, ನಡೆಯಿರಿ. ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ರೂಢಿ ಇಲ್ಲದಿದ್ದರೆ ಹತ್ತು ನಿಮಿಷದಿಂದ ಶುರುಮಾಡಿ, ವಾರವಾರಕ್ಕೆ ಐದೈದು ನಿಮಿಷ ಏರಿಸಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಒಲೆ ಮುಂದೆ ನಿಂತು ದಣಿದದ್ದು ಇದರ ಲೆಕ್ಕಕ್ಕಿಲ್ಲ, ಅದರಲ್ಲಿ ಎದೆಬಡಿತ ಅಷ್ಟಾಗಿ ಏರುವುದಿಲ್ಲ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಚಪ್ಪಲಿ ಇರಲಿ.

ವಾರಕ್ಕೆರಡು ದಿನ, ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಸುಧಾರಿಸಿಕೊಂಡು ಇನ್ನೊಂದು ಹತ್ತು. ಏಳುವಾಗ ಉಸಿರು ಬಿಡಬೇಕು. ಉಸಿರು ಬಿಗಿಹಿಡಿದರೆ ಆ ಕ್ಷಣಕ್ಕೆ ಬಿ.ಪಿ. ಜಿಗಿಯುತ್ತದೆ, ಹಾಗಾಗಿ ಕುಂಭಕ ಬೇಡ. ಉಸಿರನ್ನು ರಭಸದಿಂದ ಹೊರದೂಡುವ ಕಪಾಲಭಾತಿಯೂ ಬೇಡ. ಐದು ತಿಂಗಳಾದ ಮೇಲೆ ಶವಾಸನವನ್ನೂ ಎಡಮಗ್ಗುಲಲ್ಲೇ ಮಾಡಿ. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ.
– ಫಿಸಿಯೋಥೆರಪಿಸ್ಟ್, ಧಾರವಾಡ

ಅತ್ತೆಯವರ ಕಾಳಜಿ ದೊಡ್ಡದು, ಆದರೆ ನಿಮಗೆ ಮೊದಲ ಸಲ ಬಂದಂಥ, ಬಸಿರಿನಲ್ಲಿ ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆ (ಪ್ರಿ-ಎಕ್ಲಾಂಪ್ಸಿಯಾ) ತಡೆಯಲು ಮನೆಯಲ್ಲಿ ಮಲಗುವುದನ್ನೂ ಉಪ್ಪು ಕಟ್ಟುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಬೇಡವೆಂದಿದೆ. ಉಪ್ಪಿನ ಬದಲು ಕ್ಯಾಲ್ಸಿಯಂ ಕಡೆ ಗಮನ ಕೊಡಿ: ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 500 ಮಿ.ಗ್ರಾಂ. ಮಾತ್ರೆ, ಊಟವಾದ ಮೇಲೆ ದಿನಕ್ಕೆರಡು. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನಡೆದು ಬಂದ ತಕ್ಷಣ ಬಿ.ಪಿ. ನೋಡಿಸಬೇಡಿ. ಐದು ನಿಮಿಷ ಬೆನ್ನು ಆನಿಸಿ ಕೂತು, ತೋಳನ್ನು ಎದೆಮಟ್ಟಕ್ಕೆ ಇಟ್ಟು ನೋಡಿಸಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. ಪ್ರತಿ ಸಲದ ಅಂಕಿ ತಾಯಿ ಕಾರ್ಡ್‌ನಲ್ಲಿ ಬರೆಸಿ.
– ಆರೋಗ್ಯ ಸುರಕ್ಷಾಧಿಕಾರಿ, ತುಮಕೂರು ಜಿಲ್ಲೆ

2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ವಾರಕ್ಕೆ 140 ನಿಮಿಷದ ಬಿರುಸು ನಡಿಗೆಯಷ್ಟು ವ್ಯಾಯಾಮದಿಂದ ಪ್ರಿ-ಎಕ್ಲಾಂಪ್ಸಿಯಾ ಸಾಧ್ಯತೆ ಕಾಲುಭಾಗ ತಗ್ಗುತ್ತದೆ. ಉಳಿದ ಮುಕ್ಕಾಲು ಹಾಗೇ ಇದೆಯಲ್ಲ! ಮೊದಲ ಬಸಿರಲ್ಲಿ ಬಂದವರಿಗೆ ಬರೀ ನಡಿಗೆ ಸಾಲದು. ಕಡಿಮೆ ಪ್ರಮಾಣದ ಆಸ್ಪಿರಿನ್ ಬಗ್ಗೆ ಈ ವಾರವೇ ಡಾಕ್ಟರನ್ನು ಕೇಳಿ. 16 ವಾರದೊಳಗೆ ಶುರುವಾದರೆ ಲಾಭ ಹೆಚ್ಚು. ನೀವಾಗಿ ನುಂಗಬೇಡಿ.

ಬಿ.ಪಿ. 140/90 ಮುಟ್ಟಿದರೆ ವ್ಯಾಯಾಮ ನಿಲ್ಲಿಸಿ, ಅಂದೇ ಡಾಕ್ಟರಿಗೆ ತೋರಿಸಿ. 160/110 ಆದರೆ, ಇಲ್ಲವೇ ಬಿಡದ ತಲೆನೋವು, ಕಣ್ಣು ಮಂಜು, ಬಲ ಪಕ್ಕೆಲುಬಿನ ಕೆಳಗೆ ನೋವು ಬಂದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಸಂಜೆ ಪಾದ ಊದುವುದು ಬಹಳ ಮಂದಿಗೆ ಇರುವಂಥದ್ದೇ. ಬೆಳಿಗ್ಗೆ ಏಳುವಾಗಲೇ ಮುಖ ಊದಿ, ನಿನ್ನೆ ಸಡಿಲವಿದ್ದ ಬಳೆ ಇಂದು ಬಿಗಿಯಾಗಿದ್ದರೆ ಕಾಯಬೇಡಿ.
– ಪ್ರಸೂತಿ ತಜ್ಞೆ, ಮೈಸೂರು