ಮರು: ‘ಆಸ್ಕ್’ಗೆ ಸ್ಪ್ಯಾನಿಶ್‌ನಲ್ಲಿ ಯಾವುದು? (ಅಡಿಕೆ ಅಂಗಳದ ಬೋರ್ಡು, ತುರ್ತು)

ಅಡಿಕೆ ಹರವಿದ ಅಂಗಳದ ಬೋರ್ಡಿನಲ್ಲಿ ‘ಒಳಗೆ ಬರುವ ಮೊದಲು ಅಪ್ಪಣೆ ಕೇಳಿ’ ಅಂತ ಸ್ಪ್ಯಾನಿಶ್‌ನಲ್ಲೂ ಬರೆಸಬೇಕು, ‘ಕೇಳಿ’ಗೆ ಯಾವ ಪದ ಅಂತ ಕೇಳಿದ್ದೀರಿ. ಪೇಂಟರ್ ನಾಳೆ ಬೆಳಗ್ಗೆ ತೀರ್ಥಹಳ್ಳಿಯಿಂದ ಬರ್ತಾರೆ ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: ಪೆದೀರ್. ಪ್ರೆಗುಂತಾರ್ ಬೇಡ.

ನಮ್ಮ ‘ಕೇಳು’ ಎರಡು ಕೆಲಸ ಮಾಡುತ್ತದೆ. ಆಗುಂಬೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತೇವೆ, ಒಂದು ಲೋಟ ಕಾಫಿಯನ್ನೂ ಕೇಳುತ್ತೇವೆ. ಇಂಗ್ಲಿಷಿನ ಆಸ್ಕ್ ಕೂಡ ಹಾಗೇ. ಸ್ಪ್ಯಾನಿಶ್‌ನಲ್ಲಿ ಬಸ್ಸಿಗೆ ಪ್ರೆಗುಂತಾರ್, ಕಾಫಿಗೆ ಪೆದೀರ್. ಅಪ್ಪಣೆ ಕಾಫಿಯ ಜೊತೆ ಸೇರಿದ್ದು, ಬಸ್ಸಿನ ಜೊತೆ ಅಲ್ಲ.

ಪೆದೀರ್ ಅಂದರೆ ‘ಬೇಡು’, ಅತಿಥಿಗಳಿಗೆ ಅವಮಾನ ಅಂತ ಹಿಂದಿನ ಓಲೆಯಲ್ಲಿ ಬರೆದವರು ಸುಮ್ನೆ ಹೆದರಿಸುತ್ತಿದ್ದಾರೆ. ಭಿಕ್ಷೆಗೂ ಪೆದೀರ್ ಬಳಕೆ ಇದೆ, ನಿಜ. ಹೋಟೆಲಿನಲ್ಲಿ ಊಟ ಹೇಳುವುದಕ್ಕೂ ಅದೇ ಪದ. ಅಲ್ಲಿ ಯಾರೂ ಬೇಡುತ್ತಿಲ್ಲ ಅಲ್ವಾ?

ಪ್ರೆಗುಂತಾರ್ ಹುಟ್ಟಿದ ಬಗೆ ನೋಡಿ, ನನಗೆ ಬಹಳ ಇಷ್ಟ. ಅದರ ಬೇರು ಲ್ಯಾಟಿನ್‌ನ ಪೆರ್ಕೊಂತಾರಿ. ಕೊಂತುಸ್ ಅಂದರೆ ದೋಣಿ ನೂಕುವ ಗಳ. ತುಂಗೆಯಲ್ಲಿ ಗಳ ಇಳಿಸಿ ಆಳ ನೋಡಿದ ಹಾಗೆ, ಗೊತ್ತಿಲ್ಲದ್ದನ್ನು ತಡಕುವುದು. ನಿಮ್ಮ ಅಂಗಳದಲ್ಲಿ ತಡಕುವಂಥದ್ದು ಏನಿದೆ? ಹರವಿದ ಅಡಿಕೆ ತುಳಿಯಬಾರದು, ಅಷ್ಟೇ.

ಬೋರ್ಡಿಗೆ: ಪೀದ ಪೆರ್ಮೀಸೊ ಆಂತೆಸ್ ದೆ ಎಂತ್ರಾರ್. ‘ಪೀದ’ ಅಂದರೆ ನಮ್ಮ ‘ಕೇಳಿ’ಯ ಹಾಗೆ ಪೆದೀರ್‌ನ ಮರ್ಯಾದೆಯ ರೂಪ. ರೋಮನ್‌ನಲ್ಲಿ ಪಿ, ಐ, ಡಿ, ಎ. ಕೊನೆಗೆ ಇ ಬಂದರೆ ‘ಕೇಳು’ ಆಗಿಬಿಡುತ್ತದೆ. ಪೆರ್ಮೀಸೊದಲ್ಲಿ ಎಸ್ ಒಂದೇ. ಇಂಗ್ಲಿಷ್ ಅಭ್ಯಾಸದಲ್ಲಿ ಎರಡು ಹಾಕದಂತೆ ಪೇಂಟರಿಗೆ ಹೇಳಿ.

ಇನ್ನು ‘ಬೋರ್ಡು’ ಅನ್ನಬೇಡಿ, ‘ಹಲಗೆ’ ಅನ್ನಿ ಎಂಬ ತಕರಾರು. ಒಪ್ಪುವುದಿಲ್ಲ. ಸಾಗರದಿಂದ ಶಿವಮೊಗ್ಗದವರೆಗೆ ಯಾರನ್ನೇ ಕೇಳಿ, ಬೋರ್ಡು ಅಂದರೆ ಗೊತ್ತು. ಪದ ಬರುವುದು ಹೋಗುವುದು ಹೊಸದೂ ಅಲ್ಲ. ಸ್ಪ್ಯಾನಿಶ್‌ನಲ್ಲಿ ಅಡಿಕೆಗೆ ‘ಅರೇಕ’ ಅನ್ನುತ್ತಾರೆ. 1498ರಲ್ಲಿ ಕೋಳಿಕ್ಕೋಡಿಗೆ ಬಂದಿಳಿದ ಪೋರ್ಚುಗೀಸರ ಬಾಯಿಂದ ಯುರೋಪಿಗೆ ಹೋದ ಪದ ಅದು. ಮೂಲ ಮಲಯಾಳದ ‘ಅಡಯ್ಕ’, ನಮ್ಮ ಅಡಿಕೆಯ ಒಡಹುಟ್ಟು. ಅವರು ಅದನ್ನು ಹೊರಗಿನದೆಂದು ಬಿಟ್ಟಿದ್ದರೆ?

ಜಾಗ ಉಳಿದರೆ ಕೆಳಗೆ ‘ಅರೇಕ’ ಅಂತಲೂ ಬರೆಸಿ. ಪಕ್ಕದಲ್ಲಿ ಕನ್ನಡದಲ್ಲಿ ‘ಅಡಿಕೆ’ ಇರಲಿ.