ಎಚ್1ಬಿ ಮನೆಯ ಮಗಳಿಗೆ ಕಾಲೇಜು ಗ್ರಾಂಟ್ ಸಿಗುತ್ತಾ?

ಫ್ರೀಮಾಂಟ್_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಅಮೆರಿಕದಲ್ಲಿ ಹುಟ್ಟಿದವಳು, ಈಗ ಹನ್ನೆರಡನೇ ಗ್ರೇಡ್. ಮಗ ಮೈಸೂರಲ್ಲಿ ಹುಟ್ಟಿದವನು, ಎಚ್4 (ಎಚ್1ಬಿಯವರ ಮನೆಯವರಿಗೆ ಕೊಡುವ ವೀಸಾ), ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ಯಜಮಾನರದು ಎಚ್1ಬಿ, ಅಂದರೆ ಕೆಲಸದ ವೀಸಾ. 2025ರಲ್ಲಿ ಕೆಲಸ ಹೋಯಿತು. ಬೇರೆ ಕಡೆ ಸಿಕ್ಕಿದೆ, ಸಂಬಳ ತುಂಬಾ ಕಡಿಮೆ. ನನಗೆ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲ, ಟ್ಯಾಕ್ಸ್ ಫೈಲ್ ಮಾಡಲು ಕೊಡುವ ಐಟಿನ್ ನಂಬರ್ ಅಷ್ಟೇ. ಯುಗಾದಿ ಊಟದಲ್ಲಿ ಒಬ್ಬರು, ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇಲ್ಲ ಅಂದಮೇಲೆ ಫಾಫ್ಸಾ (ಕಾಲೇಜು ಓದಿಗೆ ಸರ್ಕಾರಿ ನೆರವು ಕೇಳುವ ಅರ್ಜಿ) ತುಂಬೋದೇ ದಂಡ ಅಂದಿದ್ದರು. ನಿಜಾನಾ? ಮೈಸೂರಲ್ಲಿ ಒಂದು ಸೈಟಿದೆ, ಅದನ್ನೂ ತೋರಿಸಬೇಕಾ?

ಹಾಸನದ_ಶಶಿ
ಊಟದ ಪಂಕ್ತಿಯ ಸಲಹೆಗಳನ್ನು ಅಲ್ಲೇ ಎಲೆ ಜೊತೆ ಎತ್ತಿಬಿಡಿ ಅಕ್ಕ. ನಾನು ಕಾಲೇಜೊಂದರ ಫೈನಾನ್ಷಿಯಲ್ ಏಡ್ ಕೌಂಟರಿನಲ್ಲಿ ಕೂರುವವಳು, ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಫೆಡರಲ್ ಗ್ರಾಂಟಿಗೆ ನೋಡೋದು ವಿದ್ಯಾರ್ಥಿಯ ಪೌರತ್ವ, ಅಪ್ಪ ಅಮ್ಮನ ವೀಸಾ ಅಲ್ಲ. ಮಗಳು ಸಿಟಿಜನ್, ಧಾರಾಳವಾಗಿ ಅರ್ಜಿ ಹಾಕಬಹುದು. ನೀವು ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡಿದ್ದರೆ ಪಾಲಕರ ಕಡೆಯಿಂದ ಒಬ್ಬರು ಸಹಿ ಹಾಕಿದರೆ ಸಾಕು, ಯಜಮಾನರೇ ಹಾಕಲಿ. ಟ್ಯಾಕ್ಸ್ ಮಾಹಿತಿ ತರಿಸಿಕೊಳ್ಳಲು ಒಪ್ಪಿಗೆ ಕೇಳುತ್ತದೆ. ಅಲ್ಲಿ ಬೇಡ ಅಂದರೆ ಫೆಡರಲ್ ಹಣ ಒಂದು ಡಾಲರೂ ಬರುವುದಿಲ್ಲ.

ಈಗ ಆದಾಯದ ವಿಷಯ. 2026-27ರ ಫಾರ್ಮು ನೋಡೋದು 2024ರ ಟ್ಯಾಕ್ಸನ್ನು, ಅಂದರೆ ಹಳೇ ಸಂಬಳವನ್ನು. ಪೆಲ್ ಗ್ರಾಂಟ್, ಅಂದರೆ ಫೆಡರಲ್ ಸರ್ಕಾರದ ಮುಖ್ಯ ಗ್ರಾಂಟ್, ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ನಾಲ್ಕು ಜನರ ಮನೆಯ ಆದಾಯ ಸುಮಾರು 55 ಸಾವಿರದ ಒಳಗಿದ್ದರೆ ಪೂರ್ತಿ ಸಿಗುತ್ತದೆ. ಸುಮಾರು 85 ಸಾವಿರದವರೆಗೂ ಸ್ವಲ್ಪ ಸಿಗುವ ಅವಕಾಶ ಇದೆ. ಹಳೇ ಸಂಬಳಕ್ಕೆ ಸಿಗಲ್ಲ ಅಂತ ಬಂದರೆ ಸುಮ್ನೆ ಕೂರಬೇಡಿ. ಸೀಟು ಸಿಕ್ಕ ಕಾಲೇಜಿನ ಏಡ್ ಆಫೀಸಿಗೆ ಬರೆದು ಪ್ರೊಫೆಷನಲ್ ಜಡ್ಜ್‌ಮೆಂಟ್ ಕೇಳಿ. ಲೇಆಫ್ ಪತ್ರ, ಹೊಸ ಪೇ ಸ್ಟಬ್ ಕೊಟ್ಟರೆ ಈಗಿನ ಆದಾಯದ ಮೇಲೆ ಮತ್ತೆ ಲೆಕ್ಕ ಹಾಕುವ ಅಧಿಕಾರ ಅವರಿಗಿದೆ. ಹಾಕಲೇಬೇಕೆಂದಿಲ್ಲ, ಆದರೆ ಕೇಳದವರಿಗಂತೂ ಹಾಕುವುದಿಲ್ಲ.

ಸೈಟು ತೋರಿಸಬೇಕು. ಇವತ್ತಿನ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದನ್ನು ಡಾಲರಿನಲ್ಲಿ ಬರೆಯಿರಿ. ಅದರಲ್ಲಿ ಲೆಕ್ಕಕ್ಕೆ ಬರೋದು ಹೆಚ್ಚೆಂದರೆ 5.64%, ಹೆದರುವಂಥದ್ದೇನಿಲ್ಲ. ಮಾವನವರ ಹೆಸರಲ್ಲಿದ್ದರೆ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ವಾಸದ ಮನೆ, 401ಕೆ ನಿವೃತ್ತಿ ಉಳಿತಾಯ ಕೂಡ ಬರುವುದಿಲ್ಲ.

ಎಡಿಸನ್_ರಾಯರು
ನ್ಯೂಜೆರ್ಸಿಯವರು ಯಾರಾದರೂ ಓದುತ್ತಿದ್ದರೆ: ನಮ್ಮಲ್ಲಿ ರಾಜ್ಯದ ಗ್ರಾಂಟ್ ಅಂದರೆ ಟ್ಯಾಗ್. ಕಾಲೇಜು ಶುರುವಾಗುವ ಮುಂಚೆ ಸತತ 12 ತಿಂಗಳು ಇಲ್ಲಿ ವಾಸ ಇರಬೇಕು. ಬೇರೆ ರಾಜ್ಯದಿಂದ ಈಗಷ್ಟೇ ಬಂದವರಿಗೆ ತೊಡಕಾಗೋದು ಇಲ್ಲೇ.

ಫ್ರೀಮಾಂಟ್_ಅಮ್ಮ
ಶಶಿ ಮೇಡಂ, ತುಂಬಾ ಥ್ಯಾಂಕ್ಸ್. ಸೈಟು ನಮ್ಮ ಹೆಸರಲ್ಲೇ ಇದೆ, ತೋರಿಸುತ್ತೇವೆ. ಮಗನಿಗೆ ಏನೂ ಇಲ್ವಾ? ಕ್ಯಾಲಿಫೋರ್ನಿಯಾದ್ದು ಮಗಳಿಗೆ ಬೇರೆ ಅರ್ಜಿನಾ?

ಹಾಸನದ_ಶಶಿ
ಮಗನಿಗೆ ಫೆಡರಲ್ ಗ್ರಾಂಟ್ ಇಲ್ಲ, ಎಚ್4 ಆ ಪಟ್ಟಿಯಲ್ಲೇ ಬರುವುದಿಲ್ಲ. ಒಂದೇ ಮನೆ, ಒಂದೇ ತಟ್ಟೆಯಲ್ಲಿ ಉಂಡ ಮಕ್ಕಳು, ಆದರೂ ಹೀಗೆ. ಆದರೆ ಎಚ್4 ಮಕ್ಕಳು ರಾಜ್ಯದ ನಿವಾಸಿಗಳ ಫೀಸಿಗೆ ಅರ್ಹರಾಗಬಹುದು. ಮುಂದೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಟ್ರಾನ್ಸ್‌ಫರ್ ಆದರೆ ಇದೇ ದೊಡ್ಡ ಉಳಿತಾಯ. ಹೊರಗಿನವರು ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ ಹೆಚ್ಚುವರಿ ಕಟ್ಟುತ್ತಾರೆ. 21 ತುಂಬಿದರೆ ಎಚ್4 ಮುಗಿಯುತ್ತದೆ. ಅದಕ್ಕೆ ಈಗಲೇ ವಕೀಲರನ್ನು ನೋಡಿ, ಅದು ನನ್ನ ಕೌಂಟರಿನ ಕೆಲಸ ಅಲ್ಲ.

ಮಗಳಿಗೆ ಬೇರೆ ಅರ್ಜಿ ಬೇಡ. ಅದೇ ಫಾಫ್ಸಾ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾಲ್ ಗ್ರಾಂಟಿಗೂ ಮಿಡ್ಲ್ ಕ್ಲಾಸ್ ಸ್ಕಾಲರ್‌ಶಿಪ್ಪಿಗೂ ಹೋಗುತ್ತದೆ. ಎರಡನೆಯದರ ಆದಾಯ ಮಿತಿ ಎರಡು ಲಕ್ಷ ಡಾಲರಿಗಿಂತ ಮೇಲಿದೆ, ಹಳೇ ಸಂಬಳದಲ್ಲೂ ಬರಬಹುದು. ಯುಸಿಗೂ ಸಿಎಸ್‌ಯುಗೂ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಸಿಗುತ್ತದೆ, ಖಾಸಗಿ ಕಾಲೇಜಿಗಿಲ್ಲ. ಕೊನೇ ದಿನ ಮಾರ್ಚ್ 2. ಕ್ಯಾಲ್ ಗ್ರಾಂಟಿಗೆ ಜಿಪಿಎ (ಸರಾಸರಿ ಅಂಕ) ಕೂಡ ಅಷ್ಟರಲ್ಲಿ ಹೋಗಿರಬೇಕು. ಸಾಮಾನ್ಯವಾಗಿ ಹೈಸ್ಕೂಲಿನವರೇ ಕಳಿಸುತ್ತಾರೆ, ಆದರೂ ಕೌನ್ಸೆಲರ್ ಹತ್ತಿರ ಒಂದು ಮಾತು ಕೇಳಿಬಿಡಿ.