ಸಹಾಯ ಬೇಕು: ಅಮ್ಮನ ಪೆಟ್ ಸ್ಕ್ಯಾನ್ ಮತ್ತು ಶುಗರ್

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕದವರು. ಅಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್. ಎರಡು ಸೈಕಲ್ ಕೀಮೋ ಮುಗಿದಿದೆ. ಮದ್ದು ಹಿಡಿದಿದೆಯಾ ಅಂತ ನೋಡಲು ಮಂಗಳೂರಿನಲ್ಲಿ ಮತ್ತೆ ಪೆಟ್-ಸಿಟಿ ಮಾಡಿಸಬೇಕು. ಕುತ್ತಿಗೆಯ ಗಂಟು ಈಗ ಕೈಗೆ ಸಿಗುವುದೇ ಇಲ್ಲ. ಆದರೂ ಒಳಗೆ ರೋಗ ಉಳಿದಿದ್ದರೆ ಅದು ಸ್ಕ್ಯಾನಿಗೆ ಮೊದಲು ಚುಚ್ಚುವ ಸಕ್ಕರೆಯಂಥ ಮದ್ದು ಎಫ್‌ಡಿಜಿಯನ್ನು ಜಾಸ್ತಿ ಹೀರಿ ಹೊಳೆಯುತ್ತದಂತೆ. ಆ ಹೊಳಪನ್ನು ಲಿವರ್ ಜೊತೆ ಹೋಲಿಸಿ 1ರಿಂದ 5ರವರೆಗೆ ಡೋವಿಲ್ ಸ್ಕೋರ್ ಕೊಡುತ್ತಾರೆ.

ನನ್ನ ಚಿಂತೆ ಅಮ್ಮನ ಶುಗರ್. ಮೊನ್ನೆ 6 ಗಂಟೆ ಉಪವಾಸ ಇದ್ದು ಹೋದರೂ 200 ದಾಟಿತ್ತು, ರಕ್ತದಲ್ಲಿ ಶುಗರ್ ಜಾಸ್ತಿ ಇದ್ದರೆ ಸ್ಕ್ಯಾನ್ ಸರಿಯಾಗಿ ಬರುವುದಿಲ್ಲ ಅಂತ ವಾಪಸ್ ಕಳಿಸಿದರು. ಬಸ್ಸಿನಲ್ಲಿ ಅಮ್ಮ ಸೆರಗು ಮುಚ್ಚಿಕೊಂಡು ಅತ್ತರು.

ಶುಗರ್ ಇರುವವರು ಯಾರಾದರೂ ಮಾಡಿಸಿದ್ದೀರಾ? ಹಿಂದಿನ ರಾತ್ರಿಯ ಊಟ, ಇನ್ಸುಲಿನ್ ಬಗ್ಗೆ ಡಾಕ್ಟರ್ ಹತ್ತಿರ ಏನೇನು ಕೇಳಬೇಕು? ಮೊದಲ ಸ್ಕ್ಯಾನ್ ಬೇರೆ ಕಡೆಯದು. ಅದರ ಸಿಡಿ ಒಯ್ದರೆ ಹೋಲಿಸಿ ನೋಡುತ್ತಾರಲ್ವಾ? ದಯವಿಟ್ಟು ತಿಳಿಸಿ.